ಉಂಡನೀ ರೂಮು

ಶಿಡ್ಲಘಟ್ಟದಲ್ಲಿ ನಮ್ಮ ಎದುರುಮನೆಯ ಆದಿಲಕ್ಷ್ಮಮ್ಮನವರು ದಿನಕ್ಕೆ ಹತ್ತಾರು ಸಲ ಆಡುವ ಮಾತು ‘ಉಂಡನೀ’. ಅವರ ತವರು ಚಿಂತಾಮಣಿ ದಾಟಿ ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಕನ್ನಡ ಮಾತಾಡುತ್ತಿದ್ದವರು ಹಳೆಯ ವಸ್ತುವೊಂದು ಕಣ್ಣಿಗೆ ಬಿದ್ದೊಡನೆ ತೆಲುಗಿಗೆ ಇಳಿಯುತ್ತಾರೆ. ಉಂಡನೀ ಅಂದರೆ ಇರಲಿ ಬಿಡು ಎಂದರ್ಥ. ಹಿಡಿ ಕಳಚಿದ ಸೌಟು, ಉಂಡನೀ. ಜೋಡಿ ಕಳೆದುಕೊಂಡ ಒಂಟಿ ಚಪ್ಪಲಿ, ಉಂಡನೀ. ಎಂದೋ ಕೆಟ್ಟುಹೋದ ಟಿ.ವಿ.ಯ ರಿಮೋಟು, ಅದೂ ಉಂಡನೀ. ತೆಲುಗು ಬಾರದವರ ಕಿವಿಗೆ ಇದು ಉಂಡ ಮಾತಿನ ಹಾಗೆ ಕೇಳುತ್ತದೆ. ಹಾಗೆ ಕೇಳಿಸಿಕೊಂಡರೂ ತಪ್ಪಿಲ್ಲ. ಆ ಮನೆಯ ಎಲ್ಲಕ್ಕಿಂತ ಒಳ್ಳೆಯ ರೂಮನ್ನು ಆ ಮಾತು ಹನ್ನೊಂದು ವರ್ಷ ಕೂತು ಉಂಡಿತು.

ಆ ರೂಮಿನ ಕಥೆಯೇ ಆಕೆಯ ಕಥೆ. ಬೇರೆ ಕಥೆಯೂ ಇರಬಹುದು, ಆದರೆ ಅದು ಸಾಮಾನಿನ ಅಡಿಯಲ್ಲೆಲ್ಲೋ ಸಿಕ್ಕಿಕೊಂಡಿದೆ.

ಗಂಡ ಮುನಿವೆಂಕಟಪ್ಪನವರು ದಿಬ್ಬೂರಹಳ್ಳಿಯ ರೇಷ್ಮೆ ಬೆಳೆಗಾರರು. ನಾಲ್ಕು ಎಕರೆ ಹಿಪ್ಪುನೇರಳೆ ತೋಟ, ಅದರ ಪಕ್ಕದಲ್ಲೇ ಹುಳುಮನೆ. ಮಗ ವೇಣುಗೋಪಾಲನಿಗೆ ಚಿಕ್ಕಬಳ್ಳಾಪುರದಲ್ಲಿ ಕಚೇರಿ ಕೆಲಸ ಸಿಕ್ಕ ಮೇಲೆ ತೋಟವನ್ನು ತಮ್ಮನ ಕೈಗೆ ಬಿಟ್ಟು ಶಿಡ್ಲಘಟ್ಟದಲ್ಲಿ ಮನೆ ಕಟ್ಟಿಸಿದರು. ಮಲಗುವ ಕೋಣೆಗಳು ಎರಡೂ ಮಹಡಿಯ ಮೇಲೆ. ಕೆಳಗೆ ನಡುಮನೆ, ಅಡುಗೆಮನೆ, ದೇವರ ಗೂಡು, ಮತ್ತೆ ಈ ರೂಮು. ಪೂರ್ವಕ್ಕೆ ಕಿಟಕಿ, ಕಿಟಕಿಯಾಚೆ ಹೊಂಗೆ ಮರ, ಒಳಗೇ ಬಚ್ಚಲು, ಬಚ್ಚಲಲ್ಲಿ ಕೂರುವ ಕಮೋಡು. ಹೀಗೇ ಇರಬೇಕೆಂದು ಮುನಿವೆಂಕಟಪ್ಪನವರೇ ಮೇಸ್ತ್ರಿಯ ಪಕ್ಕ ನಿಂತು ಕಟ್ಟಿಸಿದ್ದರು. ಮಂಡಿ ಹೋದ ಕಾಲಕ್ಕೆ ಮೆಟ್ಟಿಲು ಹತ್ತುವವರು ಯಾರು, ಈ ಕಿಟಕಿ ಪಕ್ಕ ಮಲಗಿ ಮರ ನೋಡಿಕೊಂಡಿರುತ್ತೇನೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು.

ಗೃಹಪ್ರವೇಶದ ದಿನ ಬಂದ ಉಡುಗೊರೆಗಳನ್ನು ಎಲ್ಲಾದರೂ ಇಡಬೇಕಾಯಿತು. ಸದ್ಯಕ್ಕೆ ಇಲ್ಲಿರಲಿ ಎಂದು ಆದಿಲಕ್ಷ್ಮಮ್ಮ ಅವನ್ನು ಆ ರೂಮಿಗೆ ಹಾಕಿಸಿ ಬೀಗ ಹಾಕಿದರು. ಆ ‘ಸದ್ಯ’ ಹನ್ನೊಂದು ವರ್ಷ ನಡೆಯಿತು.

ನಾನು ಆ ಬಾಗಿಲಲ್ಲಿ ಹಲವು ಸಲ ನಿಂತಿದ್ದೇನೆ. ಒಳಗೆ ಹೋಗಲು ಆಗುತ್ತಿರಲಿಲ್ಲ, ನಿಲ್ಲಬಹುದಿತ್ತು ಅಷ್ಟೆ. ಎದುರಿಗೇ ಸ್ಟೀಲು ಪಾತ್ರೆಗಳ ಗೋಡೆ. ನಮ್ಮ ಕಡೆ ಪಾತ್ರೆ ಉಡುಗೊರೆ ಕೊಡುವವರು ಅದರ ಮೇಲೆ ತಮ್ಮ ಹೆಸರು ಕೆತ್ತಿಸಿಯೇ ಕೊಡುತ್ತಾರೆ, ಪಡೆದವರು ಮರೆತುಬಿಟ್ಟಾರು ಎಂಬ ಭಯಕ್ಕೆ. ಹೆಸರಿರುವ ಪಾತ್ರೆಯನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಬಳಸಿದರೆ ಹೆಸರು ಸವೆಯುತ್ತದೆ ಎಂದು ಆದಿಲಕ್ಷ್ಮಮ್ಮ ಬಳಸುತ್ತಲೂ ಇರಲಿಲ್ಲ. ಹಾಗಾಗಿ ಚೊಂಬು, ಕೊಳಗ, ಹಂಡೆ ಎಲ್ಲವೂ ಪೇಪರು ಸುತ್ತಿಕೊಂಡು ಸಾಲಾಗಿ ಕೂತಿದ್ದವು, ಮದುವೆಮನೆಯಲ್ಲಿ ಊಟಕ್ಕೆ ಏಳಿ ಎಂದು ಯಾರೂ ಹೇಳದ ನೆಂಟರ ಹಾಗೆ. ಅವುಗಳ ಹಿಂದೆ ಒಂಬತ್ತು ಗೋಡೆ ಗಡಿಯಾರ, ಒಂದೊಂದೂ ಒಂದೊಂದು ಗಂಟೆಗೆ ನಿಂತದ್ದು. ಸೀರೆ ಅಂಗಡಿಯ ಕವರುಗಳು, ಆ ಕವರುಗಳೊಳಗೆ ಇನ್ನಷ್ಟು ಕವರುಗಳು. ದಿಬ್ಬೂರಹಳ್ಳಿಯಿಂದ ತಂದ ಬಿದಿರಿನ ಚಂದ್ರಿಕೆಗಳು. ಹುಳು ಗೂಡು ಕಟ್ಟಲು ಬೇಕಾದದ್ದು ಅವು, ಆದರೆ ಆ ಮನೆಯಲ್ಲಿ ಹುಳುವೇ ಇರಲಿಲ್ಲ. ಬಚ್ಚಲಿನ ಕಮೋಡಿನ ಮೇಲೆ ಗೋಣಿಚೀಲದ ಕಂತೆ. ಹನ್ನೊಂದು ವರ್ಷದಲ್ಲಿ ಅದರ ಮೇಲೆ ಕೂತದ್ದು ಅದೊಂದೇ.

ಬಡತನ ಕಂಡವರಿಗೆ ಏನನ್ನೂ ಬಿಸಾಡಲು ಮನಸ್ಸು ಬರುವುದಿಲ್ಲ ಎಂದು ಆಕೆಯನ್ನು ಕ್ಷಮಿಸುವವರಿದ್ದಾರೆ. ನಾನು ಆಕೆಯ ಬಾಯಿಂದಲೇ ಕೇಳಿ ತಿಳಿದಂತೆ ತವರಿನಲ್ಲಿ ಎರಡು ಬಾವಿ, ಮಾವಿನ ತೋಪು, ಸುಗ್ಗಿಯಲ್ಲಿ ಕಣದ ತುಂಬ ರಾಗಿ. ಇಲ್ಲದವರ ಮನೆಗಳನ್ನೂ ನಾನು ನೋಡಿದ್ದೇನೆ. ಅಲ್ಲಿ ಒಂದು ಡಬ್ಬವಿದ್ದರೆ ಅದರಲ್ಲಿ ಉಪ್ಪಿರುತ್ತದೆ. ಕೆಲಸವಿಲ್ಲದ ಡಬ್ಬವನ್ನು ಸಾಕುವುದು ಉಳ್ಳವರ ರೋಗ.

ಅದೇ ಆದಿಲಕ್ಷ್ಮಮ್ಮ ಹುಳುಮನೆಯಲ್ಲಿ ಬೇರೆಯೇ ಹೆಂಗಸಾಗಿದ್ದರಂತೆ. ರೇಷ್ಮೆಹುಳು ಪೊರೆ ಬಿಡುವುದನ್ನು ಬೆಳೆಗಾರರು ಜ್ವರ ಎನ್ನುತ್ತಾರೆ. ಎರಡು ಜ್ವರ ದಾಟಿದ ಎಳೆ ಹುಳು, ಅಂದರೆ ಚಾಕಿ, ಮನೆಗೆ ಬರುವ ದಿನ ಗೊತ್ತಾಯಿತೆಂದರೆ ಹುಳುಮನೆಯಲ್ಲಿ ಒಂದು ಕಡ್ಡಿ ಉಳಿಯಕೂಡದು. ಒಂದೇ ದಿನದಲ್ಲಿ ಎಲ್ಲ ಹೊರಗೆ. ನೆಲಕ್ಕೆ ಬ್ಲೀಚಿಂಗ್ ಪುಡಿ, ಗೋಡೆಗೆ ಸುಣ್ಣ. ಕಾಲು ತೊಳೆಯದೆ ಬಂದವರಿಗೆ, ಅತ್ತೆಯೇ ಆಗಿದ್ದರೂ, ಬಾಗಿಲಲ್ಲೇ ತಡೆ. ಶನಿವಾರ ನಾವಿಬ್ಬರೂ ಆಂಜನೇಯನ ಗುಡಿಗೆ ನಡೆದು ಹೋಗುವಾಗ ಆಕೆ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ನನ್ನ ಕೈಮೇಲೆ ಒಂದು ಬೆಳೆ ರೋಗಕ್ಕೆ ಹೋಗಿಲ್ಲ ಎನ್ನುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿದ್ದೆ. ಹುಳುವಿಗೆ ಬಂದ ಭಾಗ್ಯ ಮನುಷ್ಯರಿಗೆ ಯಾಕೆ ಬರಲಿಲ್ಲ ಎಂದು ಕೇಳಲು ಬಾಯಿ ಬರುತ್ತಿರಲಿಲ್ಲ.

ಕಳೆದ ಕಾರ್ತಿಕದಲ್ಲಿ ಮುನಿವೆಂಕಟಪ್ಪನವರು ಮೆಟ್ಟಿಲಿನಿಂದ ಬಿದ್ದರು. ರೂಮು ತುಂಬಿದ ಮೇಲೆ ಸಾಮಾನು ಮೆಟ್ಟಿಲಿಗೆ ಹತ್ತಿತ್ತು. ಒಂದೊಂದು ಮೆಟ್ಟಿಲಿನ ಗೋಡೆಬದಿಗೆ ಒಂದೊಂದು. ಐದನೆಯದರಲ್ಲಿ ಕೆಟ್ಟ ಗ್ರೈಂಡರಿನ ಕಲ್ಲು. ಬೆಳಿಗ್ಗೆ ಇಳಿಯುವಾಗ ಆ ಕಲ್ಲಿಗೆ ದಾರಿ ಬಿಟ್ಟು ಅಂಚಿಗೆ ಕಾಲಿಟ್ಟರು. ಸೊಂಟದ ಮೂಳೆ ಮುರಿಯಿತು. ಕಲ್ಲಿಗೇನೂ ಆಗಲಿಲ್ಲ.

ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಮೂರು ತಿಂಗಳು ಮೆಟ್ಟಿಲು ಹತ್ತಬಾರದು, ಕುಕ್ಕರಗಾಲಲ್ಲಿ ಕೂರಬಾರದು, ಹಾಸಿಗೆಗೆ ಹತ್ತಿರ ಕಮೋಡು ಬೇಕು ಎಂದು ಡಾಕ್ಟರು ಹೇಳಿದರು. ನಾಲ್ಕು ದಿನ ಬಿಟ್ಟು ಮನೆಗೆ ಕಳಿಸುತ್ತೇವೆ ಎಂದರು. ಅಂದರೆ ಆ ಮನುಷ್ಯ ಹನ್ನೊಂದು ವರ್ಷದ ಹಿಂದೆಯೇ ಯೋಚಿಸಿ ಕಟ್ಟಿಸಿದ್ದ ರೂಮು ಬೇಕಾದ ಗಳಿಗೆ ಬಂದಿತ್ತು. ಅದನ್ನು ಖಾಲಿ ಮಾಡಲು ನಾಲ್ಕು ದಿನವಿತ್ತು.

ಸೊಸೆ ವರಲಕ್ಷ್ಮಿ ನರ್ಸರಿ ಶಾಲೆಯಲ್ಲಿ ಟೀಚರು. ನಾಲ್ಕು ದಿನ ರಜೆ ಹಾಕಿ, ಸೆರಗು ಸಿಕ್ಕಿಸಿ ನಿಂತಳು. ನಾನೂ ಸಹಾಯಕ್ಕೆ ಹೋದೆ. ಮೊದಲ ದಿನ ಪಾತ್ರೆಗಳಿಂದ ಶುರುವಾಯಿತು. ಆದಿಲಕ್ಷ್ಮಮ್ಮ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತರು. ಪ್ರತಿಯೊಂದನ್ನೂ ಬಿಚ್ಚಿ, ಕನ್ನಡಕ ಹಾಕಿಕೊಂಡು ಹೆಸರು ಓದಿ, ಆ ಹೆಸರಿನವರ ಸಂಸಾರದ ವಿಷಯ ಹೇಳಿ, ಮತ್ತೆ ಪೇಪರು ಸುತ್ತಿಸಿ ಒಳಗೇ ಇಡಿಸಿದರು. ಹೀಗೆ ಒಂದು ಚೊಂಬು ಬಂತು.

‘ಇದು ಆವಲಪ್ಪನ ಮನೆಯವ್ರು ಕೊಟ್ಟಿದ್ದು ಕಣಮ್ಮ. ಅವರ ಮೊಮ್ಮಗಳ ಮದುವೆಗೆ ನಾವೂ ಇಂಥದ್ದೇ ಕೊಡಬೇಕು. ಎಂಥದ್ದು ಕೊಟ್ಟಿದ್ರು ಅಂತ ನೋಡ್ಕೊಳ್ಳೋಕೆ ಬೇಕಲ್ಲ.’

‘ಅತ್ತೆ, ಆವಲಪ್ಪನೋರ ಜೊತೆ ನಾವು ಮಾತು ಬಿಟ್ಟು ಆರು ವರ್ಷ ಆಯ್ತು.’

‘ಬಿಟ್ಟ ಮಾತು ಮತ್ತೆ ಆಡಲ್ವಾ? ಉಂಡನೀ.’

ಸಂಜೆಯ ಹೊತ್ತಿಗೆ ಎರಡು ಚೀಲ ಹೊರಗೆ ಬಂದವು. ನನಗೆ ಸಂತೋಷವಾಯಿತು, ಚೀಲದೊಳಗೆ ನೋಡುವವರೆಗೆ. ಇದ್ದದ್ದು ಹಳೆಯ ದೇವರ ಕ್ಯಾಲೆಂಡರುಗಳು ಮತ್ತು ಕಟ್ಟು ಹಾಕಿಸಿದ ಹನ್ನೊಂದು ದೇವರ ಪಟಗಳು. ನಮ್ಮಲ್ಲಿ ಬೇಡವಾದ ಪಟಗಳನ್ನು ಕಸಕ್ಕೆ ಹಾಕುವುದಿಲ್ಲ, ಗುಡಿಯ ಪಕ್ಕದ ಅಶ್ವತ್ಥಕಟ್ಟೆಯ ಮೇಲೆ ಇಟ್ಟು ಬರುತ್ತೇವೆ. ಆಕೆಯ ಜೊತೆ ನಾನೇ ಹೋದೆ. ಒಂದೊಂದಕ್ಕೂ ಕುಂಕುಮವಿಟ್ಟು, ಹೂ ಮುಡಿಸಿ, ಮರದ ಬುಡಕ್ಕೆ ಒರಗಿಸಿದರು. ಅಲ್ಲಿ ಆಗಲೇ ಬೇರೆಯವರ ಮನೆಯ ದೇವರುಗಳು ಬಿಸಿಲಿಗೆ ಬಣ್ಣ ಕಳೆದುಕೊಂಡು, ಗಾಜೊಡೆದುಕೊಂಡು ಕೂತಿದ್ದವು. ನನ್ನ ಮುಖ ನೋಡಿ ಆಕೆಗೆ ಏನನ್ನಿಸಿತೋ.

‘ದೇವ್ರಿಗಾದ್ರೆ ಇಲ್ಲಿ ನೆರಳೈತೆ, ನಾಲ್ಕು ಜನ ಕೈ ಮುಗೀತಾರೆ. ಆ ಡಬ್ಬಗಳಿಗೆ ನನ್ನ ಬಿಟ್ರೆ ಯಾರವ್ರೆ ಹೇಳಮ್ಮ’ ಎಂದರು.

ಯಾರನ್ನೂ ಕೀಳಾಗಿ ಕಾಣದ ಮನಸ್ಸು ಕೊಡು ಎಂದು ದಿನವೂ ಬೇಡಿಕೊಳ್ಳುವವಳು ನಾನು. ಆ ದಿನ ಆಂಜನೇಯನ ಮುಂದೆ ನಿಂತಾಗ ಆ ಮಾತು ಬಾಯಿಗೆ ಬರಲಿಲ್ಲ. ಹೆಸರು ಕೆತ್ತಿದ ಚೊಂಬು ಒಳಗೆ, ರಾಮ ಸೀತೆಯರು ಹೊರಗೆ. ಹಿಂತಿರುಗಿ ಬರುವ ದಾರಿಯುದ್ದಕ್ಕೂ ಮೌನವಾಗಿದ್ದೆ. ಭಕ್ತಿಯಿಂದ ಸುಮ್ಮನಿದ್ದೇನೆಂದು ಆಕೆ ತಿಳಿದರು.

ಎರಡನೆಯ ದಿನ ವೇಣುಗೋಪಾಲನ ಪಾಲಿನ ಸಹಾಯ ಬಂತು. ಅವನು ರೂಮಿನ ಬಾಗಿಲಿಗೆ ಬಂದವನಲ್ಲ. ಕಚೇರಿಯಲ್ಲಿ ಕೂತು ಫೋನಿನಲ್ಲಿ ಅಚ್ಚುಕಟ್ಟಾದ ಮನೆಗಳ ವಿಡಿಯೋ ನೋಡಿ, ಮುಚ್ಚಳವಿರುವ ಹನ್ನೆರಡು ಪ್ಲಾಸ್ಟಿಕ್ ಪೆಟ್ಟಿಗೆ ತರಿಸಿದ್ದ. ಒಳಗಿದ್ದದ್ದು ಹೊರಗೆ ಕಾಣುವಂಥ ಪೆಟ್ಟಿಗೆಗಳು. ಸಾಮಾನನ್ನು ಬಗೆಬಗೆಯಾಗಿ ವಿಂಗಡಿಸಿ ತುಂಬಿ, ಮೇಲೆ ಚೀಟಿ ಅಂಟಿಸಿ ಎಂದು ಹೆಂಡತಿಗೆ ಫೋನಿನಲ್ಲಿ ಹೇಳಿದ. ಪೆಟ್ಟಿಗೆಗಳನ್ನು ಇಡಲು ಜಾಗ ಬೇಕಲ್ಲ, ಅವೂ ಆ ರೂಮಿಗೇ ಹೋದವು. ಅವು ಬಂದಿದ್ದ ರಟ್ಟುಗಳೂ ಹೋದವು. ರಟ್ಟಿನೊಳಗಿದ್ದ ಗುಳ್ಳೆಗುಳ್ಳೆಯ ಹಾಳೆಯನ್ನು ಆದಿಲಕ್ಷ್ಮಮ್ಮ ಬೆರಳಿನಿಂದ ಒತ್ತಿ ನೋಡಿ, ನೀಟಾಗಿ ಮಡಚಿ, ತಾವೇ ಒಳಗಿಟ್ಟರು. ರೂಮನ್ನು ಖಾಲಿ ಮಾಡಲು ಹೊರಟವರು ಎರಡನೆಯ ದಿನದ ಕೊನೆಗೆ ಅದನ್ನು ಇನ್ನಷ್ಟು ತುಂಬಿದ್ದರು. ಮೂರನೆಯ ದಿನ ಅತ್ತೆ ಸೊಸೆಗೆ ಮಾತಿಗೆ ಮಾತು ಬೆಳೆದು ಕೆಲಸವೇ ನಿಂತಿತು.

ನಾಲ್ಕನೆಯ ದಿನ ಮುನಿವೆಂಕಟಪ್ಪನವರು ಬಂದರು. ಕಾರಿನಿಂದ ಇಳಿಸಿ, ವಾಕರು ಹಿಡಿಸಿ ಒಳಗೆ ತಂದರು. ಅವರು ನೇರವಾಗಿ ಆ ಬಾಗಿಲ ಕಡೆಗೆ ತಿರುಗಿದರು. ಬೀಗ ನೋಡಿದರು.

ನಡುಮನೆಯಲ್ಲಿ ಟಿ.ವಿ.ಯ ಪಕ್ಕ ಮಂಚ ಹಾಕಿದ್ದರು. ಮಂಚದ ತಲೆಕಡೆಗೆ ನಡುವೆ ರಂಧ್ರವಿರುವ ಕಮೋಡು ಕುರ್ಚಿ, ಅದಕ್ಕೆ ಮರೆಯಾಗಿ ಹಗ್ಗದ ಮೇಲೆ ಹಳೆಯ ಸೀರೆ. ಮನೆಗೆ ಬರುವವರೆಲ್ಲ ಬರುವುದು ಅದೇ ನಡುಮನೆಗೆ. ರೋಗಿಯನ್ನು ನೋಡಲು ಬರುವ ಪದ್ಧತಿ ನಮ್ಮಲ್ಲಿ ಜೋರು. ದಿಬ್ಬೂರಹಳ್ಳಿಯಿಂದ ಬಂದರು, ನಗರಗೆರೆಯಿಂದ ಬೀಗರು ಬಂದರು. ಬ್ರೆಡ್ಡು, ಮೋಸಂಬಿ, ಎಳನೀರು ತಂದು, ಸೋಫಾದಲ್ಲಿ ಕೂತು ಕಾಫಿ ಕುಡಿದು, ಇನ್ನೊಬ್ಬರ ಮುರಿದ ಮೂಳೆಯ ಕಥೆ ಹೇಳಿ ಹೋಗುತ್ತಿದ್ದರು. ಒಂದು ದಿನ ಬೀಗರು ಕೂತಿದ್ದಾಗಲೇ ಮುನಿವೆಂಕಟಪ್ಪನವರಿಗೆ ತಡೆಯಲಾಗಲಿಲ್ಲ. ವರಲಕ್ಷ್ಮಿ ಹಿಡಿದುಕೊಂಡು ಸೀರೆಯ ಹಿಂದೆ ಕೂರಿಸಿದಳು. ಸೀರೆ ಎಷ್ಟೆಂದರೂ ಸೀರೆ, ಅದಕ್ಕೆ ಶಬ್ದ ತಡೆಯಲು ಬರುವುದಿಲ್ಲ. ಬೀಗರು ಕಾಫಿ ಲೋಟದೊಳಗೆ ನೋಡುತ್ತಾ ಕೂತರು. ಆದಿಲಕ್ಷ್ಮಮ್ಮ ಎದ್ದು ಟಿ.ವಿ. ಹಾಕಿದರು. ಆಕೆಗೆ ಹೊಳೆದ ಪರಿಹಾರ ಅದೊಂದೇ.

ಆಮೇಲೆ ಮುನಿವೆಂಕಟಪ್ಪನವರು ನೀರು ಕುಡಿಯುವುದನ್ನು ಬಿಟ್ಟರು. ಮೊದಲು ಯಾರ ಗಮನಕ್ಕೂ ಬರಲಿಲ್ಲ. ಎಳನೀರು ಕೊಟ್ಟರೆ ಆಮೇಲೆ ಎನ್ನುವರು, ಮಜ್ಜಿಗೆ ಕೊಟ್ಟರೆ ಶೀತ ಎನ್ನುವರು, ಮಾತ್ರೆಯನ್ನು ಒಂದು ಗುಟುಕಿನಲ್ಲಿ ನುಂಗುವರು. ನಾಲ್ಕೈದು ದಿನಕ್ಕೆ ತುಟಿ ಒಡೆಯಿತು, ಮೂತ್ರ ಉರಿಯತೊಡಗಿತು, ಮೈ ಬಿಸಿಯಾಯಿತು. ವರಲಕ್ಷ್ಮಿ ಹಾಸಿಗೆ ಸರಿಪಡಿಸುವಾಗ ಮಂಚದ ಕೆಳಗೆ ಮುಟ್ಟದ ಲೋಟಗಳನ್ನು ಕಂಡು ಅಳುತ್ತಾ ನಮ್ಮ ಮನೆಗೆ ಬಂದಳು. ಹೀಗೇ ಇದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಬೈದಿದ್ದರಂತೆ.

ನಾನು ಗಂಜಿ ಮಾಡಿಕೊಂಡು ಹೋದೆ. ಮಧ್ಯಾಹ್ನ. ಆದಿಲಕ್ಷ್ಮಮ್ಮ ಮಂಚದ ಪಕ್ಕ ಕೂತು, ಹಣ್ಣು ತಂದವರು ಬಿಟ್ಟುಹೋದ ಕವರುಗಳನ್ನು ಮಡಚುತ್ತಿದ್ದರು. ನೀರು ಕುಡೀರಿ, ಯಾಕೆ ಹಟ ಮಾಡ್ತೀರಿ ಎಂದು ಗಂಡನಿಗೆ ಹೇಳುತ್ತಿದ್ದರು, ಕೈ ಮಾತ್ರ ಕವರು ಬಿಡಲಿಲ್ಲ. ಮುನಿವೆಂಕಟಪ್ಪನವರು ಸ್ವಲ್ಪ ಹೊತ್ತು ಆ ಕೈಗಳನ್ನೇ ನೋಡಿದರು.

‘ಲೇ, ಶುಕ್ರವಾರ ಚಾಕಿ ಬರ್ತದೆ’ ಎಂದರು.

ಜ್ವರದಲ್ಲಿ ಬಡಬಡಿಸುತ್ತಿದ್ದಾರೆಂದು ಆಕೆ ಹಣೆ ಮುಟ್ಟಿದರು. ‘ಎಲ್ಲಿಗೆ ಬರ್ತದೆ? ಏನಂತೀರಿ ನೀವು?’

‘ಆ ರೂಮಿಗೆ. ಮುನ್ನೂರು ಮೊಟ್ಟೆಯ ಹುಳ ಅಲ್ಲ ಕಣೇ, ಒಂದೇ ಹುಳ. ನಾಲ್ಕು ಜ್ವರಾನೂ ದಾಟೈತೆ, ಜಾಸ್ತಿ ಸೊಪ್ಪು ಕೇಳಲ್ಲ. ಗೂಡು ಕಟ್ಟೋಕೆ ಒಂದು ಮೂಲೆ ಬೇಕು ಅಷ್ಟೆ.’ ಆಮೇಲೆ ಗೋಡೆಗೆ ಮುಖ ತಿರುಗಿಸಿ ಹೇಳಿದರು: ‘ಹುಳಕ್ಕಾದ್ರೆ ಒಂದು ದಿನದಲ್ಲಿ ಮನೆ ಖಾಲಿ ಮಾಡ್ತಿದ್ದೆ ನೀನು.’

ಆದಿಲಕ್ಷ್ಮಮ್ಮ ಮಡಚುತ್ತಿದ್ದ ಕವರನ್ನು ಪೂರ್ತಿ ಮಡಚಿದರು. ಎದ್ದು ಅಡುಗೆಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ನಾನು ರಂಗೋಲಿ ಇಡಲು ಬಾಗಿಲು ತೆಗೆದಾಗ ಎದುರುಮನೆಯ ಅಂಗಳದಲ್ಲಿ ಚಂದ್ರಿಕೆಗಳು ಬಿದ್ದಿದ್ದವು. ಆಕೆ ಸೀರೆ ಎತ್ತಿಕಟ್ಟಿ, ಮೂಗಿಗೆ ಟವೆಲು ಬಿಗಿದುಕೊಂಡು, ಹುಳುಮನೆಯ ಹೆಂಗಸಾಗಿ ನಿಂತಿದ್ದರು. ಏನನ್ನೂ ಬಿಚ್ಚಲಿಲ್ಲ, ಒಂದು ಹೆಸರನ್ನೂ ಓದಲಿಲ್ಲ. ಗಡಿಯಾರ, ಕೊಳಗ, ಗೋಣಿಚೀಲ, ಹನ್ನೆರಡು ಪೆಟ್ಟಿಗೆ, ಎಲ್ಲವೂ ಕೈಯಿಂದ ಕೈಗೆ ಹೊರಗೆ. ವರಲಕ್ಷ್ಮಿ ಒಂದು ಮಾತಾಡಲು ಹೋದರೆ ಕೈಯಲ್ಲೇ ಸುಮ್ಮನಿರಿಸಿದರು. ಮಧ್ಯಾಹ್ನಕ್ಕೆ ನೆಲ ಕಂಡಿತು. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದರು, ಮೂರು ಸಲ ನೀರು ಹೊಯ್ದರು, ಬಚ್ಚಲಿಗೆ ಸುಣ್ಣ ಬಳಿದರು. ಸಂಜೆ ಕಾಲು ತೊಳೆಯದೆ ಒಳಗೆ ಹೆಜ್ಜೆಯಿಟ್ಟ ವೇಣುಗೋಪಾಲನನ್ನು ಬಾಗಿಲಲ್ಲೇ ನಿಲ್ಲಿಸಿ ಹಿಂದಕ್ಕೆ ಕಳಿಸಿದರು. ಶುಕ್ರವಾರ ಮುನಿವೆಂಕಟಪ್ಪನವರ ಮಂಚ ಕಿಟಕಿಯ ಪಕ್ಕಕ್ಕೆ ಹೋಯಿತು.

ಬೀದಿಯವರು ಆಕೆಯನ್ನು ಹೊಗಳಿದರು. ನಾನು ಹೊಗಳಲಿಲ್ಲ. ಗಂಡ ಎಂದಾಗ ಏಳದವರು ಹುಳು ಎಂದಾಗ ಎದ್ದರು, ಅದರಲ್ಲಿ ಹೊಗಳುವುದೇನಿದೆ. ಹೊರಗೆ ಬಂದ ಸಾಮಾನೂ ಆ ಮನೆ ಬಿಟ್ಟು ಹೋಗಲಿಲ್ಲ. ಎರಡು ದಿನ ಅಂಗಳದಲ್ಲಿದ್ದು, ಮೂರನೆಯ ದಿನದಿಂದ ಒಂದೊಂದಾಗಿ ಮೆಟ್ಟಿಲು ಹತ್ತತೊಡಗಿತು. ಅರವತ್ತೈದು ವರ್ಷದ ಹೆಂಗಸು, ಮಂಡಿ ಹಿಡಿದುಕೊಂಡು, ಮೆಟ್ಟಿಲಿಗೊಂದು ನಿಟ್ಟುಸಿರು ಬಿಡುತ್ತಾ, ಗಂಡಹೆಂಡತಿ ಮಲಗುತ್ತಿದ್ದ ಮೇಲಿನ ಕೋಣೆಯನ್ನು ಅದೇ ಪಾತ್ರೆ, ಅದೇ ಗಡಿಯಾರಗಳಿಂದ ತುಂಬಿದರು. ಗ್ರೈಂಡರಿನ ಕಲ್ಲನ್ನೂ ಬಿಡಲಿಲ್ಲ. ಭಾನುವಾರದ ಹೊತ್ತಿಗೆ ಆಕೆಯ ಮಂಚದ ಮೇಲೆ ಚಂದ್ರಿಕೆಗಳು ಮಲಗಿದ್ದವು. ಆಕೆ ನಡುಮನೆಯಲ್ಲಿ, ಗಂಡ ಮಲಗಿದ್ದ ಜಾಗದಲ್ಲೇ ಚಾಪೆ ಹಾಸಿಕೊಂಡರು. ಇದನ್ನು ತ್ಯಾಗ ಎನ್ನುವವರು ಎನ್ನಲಿ. ಡಬ್ಬಕ್ಕೆ ಮಂಚ ಬಿಟ್ಟುಕೊಟ್ಟು ನೆಲದಲ್ಲಿ ಮಲಗುವುದಕ್ಕೆ ನಾನು ಬೇರೆ ಹೆಸರಿಡುತ್ತೇನೆ.

ಒಂದು ಸಂಗತಿಯನ್ನು ಮಾತ್ರ ಹೇಳದೆ ಬಿಟ್ಟರೆ ಸುಳ್ಳಾಗುತ್ತದೆ.

ಆ ಭಾನುವಾರ ನಾನು ಗುಡಿಯ ತೀರ್ಥಪ್ರಸಾದ ಕೊಡಲು ಹೋಗಿದ್ದೆ. ಮುನಿವೆಂಕಟಪ್ಪನವರು ದಿಂಬಿಗೊರಗಿ ಹೊಂಗೆ ಮರ ನೋಡುತ್ತಿದ್ದರು. ರೂಮಿನಲ್ಲಿ ಮಂಚ, ಒಂದು ಕುರ್ಚಿ, ವಾಕರು, ಇಷ್ಟೇ. ಮಾತಾಡಿದರೆ ದನಿ ಗೋಡೆಗೆ ತಾಗಿ ಹಿಂತಿರುಗುತ್ತಿತ್ತು. ಅಷ್ಟರಲ್ಲಿ ವೇಣುಗೋಪಾಲ ಆ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಒಂದರೊಳಗೊಂದು ಸೇರಿಸಿ ಎತ್ತಿಕೊಂಡು ಬಂದ. ಮೇಲೆ ಜಾಗವಿಲ್ಲ, ಇಲ್ಲಿ ಆ ಮೂಲೆ ಖಾಲಿ ಇದೆಯಲ್ಲ, ಸದ್ಯಕ್ಕೆ ಇಡುತ್ತೇನೆ ಎಂದ.

ಆದಿಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತರು.

‘ವದ್ದುರಾ. ಖಾಳೀಗಾ ಉಂಡನೀ’ ಎಂದರು.

ಬೇಡ ಕಣೋ, ಖಾಲಿಯಾಗಿಯೇ ಇರಲಿ ಎಂದು. ವೇಣುಗೋಪಾ‌ಲ ಪೆಟ್ಟಿಗೆ ಹೊತ್ತುಕೊಂಡೇ ಹಿಂದಕ್ಕೆ ಹೋದ.

ಮುನಿವೆಂಕಟಪ್ಪನವರು ಕಿಟಕಿಯಿಂದ ಮುಖ ತಿರುಗಿಸಿ ನೀರು ಕೇಳಿದರು. ವರಲಕ್ಷ್ಮಿ ತಂದದ್ದು ಹೊಸ ಚೊಂಬಿನಲ್ಲಿ. ಸಾಮಾನು ಅಂಗಳದಲ್ಲಿದ್ದಾಗ ಅವಳು ಯಾರಿಗೂ ಹೇಳದೆ ಅದೊಂದನ್ನು ಎತ್ತಿ ತೊಳೆದಿಟ್ಟಿದ್ದಳು. ಅದರ ಕಂಠದ ಮೇಲೆ ಆವಲಪ್ಪ ಎಂಬ ಹೆಸರು ನನಗೆ ಕಂಡಿತು. ಆದಿಲಕ್ಷ್ಮಮ್ಮನವರಿಗೂ ಕಂಡಿತು. ಆಕೆ ಬಾಗಿಲಿನಿಂದ ಸರಿದು ಸೊಸೆಗೆ ದಾರಿ ಬಿಟ್ಟರು.

ಮುನಿವೆಂಕಟಪ್ಪನವರು ಚೊಂಬೆತ್ತಿ ಪೂರ್ತಿ ಕುಡಿದರು. ಬಾಯಿ ಒರೆಸಿಕೊಂಡು ಇನ್ನಷ್ಟು ಕೊಡು ಎಂದರು.